ಐದು ಗಂಟೆ ನಲವತ್ತು ನಿಮಿಷದ ಗಾಲ್ಫ್ ಸುತ್ತು: ತಡ ಹುಟ್ಟುವುದು ಎಲ್ಲಿ?

ಪ್ರಶ್ನೆ: ಮಂಗಳೂರಿನಲ್ಲಿ ನಾವು ವರ್ಷಕ್ಕೊಮ್ಮೆ 18 ಹೋಲ್‌ಗಳ ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತಗಳನ್ನು ಎಣಿಸುವ) ಗಾಲ್ಫ್ ಸ್ಪರ್ಧೆ ನಡೆಸುತ್ತೇವೆ. ಕಳೆದ ಬಾರಿ 60 ಆಟಗಾರರಿದ್ದರು. ಮೂವರಂತೆ 20 ಗುಂಪು, 8 ನಿಮಿಷಕ್ಕೊಂದು ಗುಂಪು, ಬೆಳಿಗ್ಗೆ 7ಕ್ಕೆ ಆರಂಭ. ಕೊನೆಯ ಗುಂಪು 9.32ಕ್ಕೆ ಹೊರಟು ಮಧ್ಯಾಹ್ನ 3.12ಕ್ಕೆ ಮುಗಿಸಿತು, ಅಂದರೆ 5 ಗಂಟೆ 40 ನಿಮಿಷ. ಈ ಸಲ ನಿಧಾನ ಆಡುವವರಿಗೆ ಪೆನಾಲ್ಟಿ ಹಾಕೋಣ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಆದರೆ ಆಡುವವರಲ್ಲಿ ಹಿರಿಯರಿದ್ದಾರೆ, ಎಲ್ಲರೂ ಪರಿಚಯದವರೇ. ಮನಸ್ತಾಪವಾಗದಂತೆ ಸಮಯ ಹೇಗೆ ಕಡಿಮೆ ಮಾಡುವುದು?

ಉತ್ತರ: ಪೆನಾಲ್ಟಿ ಬೇಕು, ಆದರೆ ಅದು ಕೊನೆಯ ಹೆಜ್ಜೆ. ನಿಮ್ಮ ಅಂಕಿಗಳನ್ನು ನೋಡಿದರೆ ತಡದ ಒಂದು ದೊಡ್ಡ ಪಾಲು ಹುಟ್ಟಿದ್ದು ಆಟಗಾರರ ಕೈಯಲ್ಲಲ್ಲ, ಗುಂಪುಗಳನ್ನು ಆಟಕ್ಕೆ ಬಿಡುವ ಸ್ಟಾರ್ಟರ್ ಮೇಜಿನ ಮೇಲಿದ್ದ 8 ನಿಮಿಷದ ಪಟ್ಟಿಯಲ್ಲಿ. ಆ ಪಟ್ಟಿ ಸರಿಮಾಡದೆ ಯಾರಿಗೇ ಪೆನಾಲ್ಟಿ ಹಾಕಿದರೂ ಅದು ಅನ್ಯಾಯವಾಗುತ್ತದೆ, ಮನಸ್ತಾಪವೂ ಅಲ್ಲಿಂದಲೇ ಬರುತ್ತದೆ.

ಮೊದಲು ಒಂದು ಅಳತೆ ಮಾಡಿ. ನಿಮ್ಮ ಅಂಗಳದಲ್ಲಿ ಸುತ್ತಿನಲ್ಲಿ ಮೊದಲು ಸಿಗುವ ಪಾರ್-3 ಹೋಲ್‌ನ (ಮೂರು ಹೊಡೆತದಲ್ಲಿ ಮುಗಿಸಬೇಕೆಂದು ಎಣಿಸಿದ ಚಿಕ್ಕ ಹೋಲ್) ಪಕ್ಕ ಒಂದು ಭಾನುವಾರ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಮೂವರ ಗುಂಪಿನ ಮೊದಲ ಆಟಗಾರ ಹೊಡೆಯಲು ಸಿದ್ಧನಾದ ಕ್ಷಣದಿಂದ ಆ ಗುಂಪು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಬಿಟ್ಟು ಹೋಗಿ ಹಿಂದಿನವರು ಹೊಡೆಯಬಹುದಾದ ಕ್ಷಣದವರೆಗೆ ಎಷ್ಟಾಯಿತು ಎಂದು ಬರೆದುಕೊಳ್ಳಿ. ಐದಾರು ಗುಂಪು ನೋಡಿದರೆ ಸಾಕು. ಸಾಮಾನ್ಯ ಹವ್ಯಾಸಿ ಗುಂಪಿನ ಲೆಕ್ಕ ಹೆಚ್ಚು ಕಡಿಮೆ ಹೀಗಿರುತ್ತದೆ: ಟೀಯಿಂದ, ಅಂದರೆ ಹೋಲ್ ಆರಂಭವಾಗುವ ಜಾಗದಿಂದ, ಮೂರು ಹೊಡೆತಕ್ಕೆ 2 ನಿಮಿಷ, 150 ಮೀಟರ್ ನಡೆಯಲು 2, ಚಿಪ್ (ಗ್ರೀನ್‌ಗೆ ಸಣ್ಣ ಹೊಡೆತ) ಅಥವಾ ಬಂಕರ್ (ಮರಳುಗುಂಡಿ) ಹೊಡೆತಕ್ಕೆ ಒಂದೂವರೆ, ಪಟ್ ಮಾಡಲು (ಚೆಂಡನ್ನು ಕುಳಿಗೆ ಉರುಳಿಸಲು) 4, ಧ್ವಜ ಇಟ್ಟು ಗ್ರೀನ್ ಬಿಡಲು ಅರ್ಧ. ಒಟ್ಟು 10 ನಿಮಿಷ.

ಪಾರ್-4 ಹೋಲ್‌ನಲ್ಲಿ ಒಂದು ಗುಂಪು ಗ್ರೀನ್‌ನಲ್ಲಿರುವಾಗಲೇ ಇನ್ನೊಂದು ಗುಂಪು ಟೀಯಿಂದ ಹೊಡೆಯಬಹುದು. ಪಾರ್-3ರಲ್ಲಿ ಹಾಗಿಲ್ಲ, ಒಂದು ಹೊತ್ತಿಗೆ ಒಂದೇ ಗುಂಪು. ಮಂಗಳೂರಿನ ನಂತೂರು ವೃತ್ತದಂತೆ ಇದು ಇಡೀ ದಾರಿಯ ಇಕ್ಕಟ್ಟಿನ ಜಾಗ. ಎಷ್ಟೇ ವಾಹನ ತಂದು ನುಗ್ಗಿಸಿದರೂ ಆಚೆ ಬರುವುದು ಅದರ ಲೆಕ್ಕದಲ್ಲೇ. ಅಲ್ಲಿ 10 ನಿಮಿಷಕ್ಕೊಂದು ಗುಂಪು ದಾಟುತ್ತಿರುವಾಗ ನೀವು 8 ನಿಮಿಷಕ್ಕೊಂದು ಗುಂಪು ಬಿಟ್ಟಿದ್ದೀರಿ. ಎರಡನೆಯ ಗುಂಪು ಅಲ್ಲಿ 2 ನಿಮಿಷ ಕಾಯುತ್ತದೆ, ಮೂರನೆಯದು 4, ಹತ್ತನೆಯದು 18, ಇಪ್ಪತ್ತನೆಯದು 38 ನಿಮಿಷ. ಯಾರೂ ಒಂದು ಸೆಕೆಂಡ್ ಹಾಳು ಮಾಡದಿದ್ದರೂ ಈ 38 ನಿಮಿಷ ತಪ್ಪುವುದಿಲ್ಲ.

ಈಗ ಸಮಿತಿಯವರು ಗಮನವಿಟ್ಟು ನೋಡಬೇಕಾದ ಲೆಕ್ಕ. ಕಾಯುವಿಕೆ ಇಲ್ಲದ ಸುತ್ತಿಗೆ 4 ಗಂಟೆ 16 ನಿಮಿಷ ಎಂದಿಟ್ಟುಕೊಳ್ಳಿ (ಇದು ಹೇಗೆ ಬಂತೆಂದು ಮುಂದೆ ಹೇಳುತ್ತೇನೆ). 8 ನಿಮಿಷದ ಅಂತರದಲ್ಲಿ ಕೊನೆಯ ಗುಂಪು 9.32ಕ್ಕೆ ಹೊರಟು, 38 ನಿಮಿಷ ಕಾದು, 2.26ಕ್ಕೆ ಮುಗಿಸುತ್ತದೆ. 10 ನಿಮಿಷದ ಅಂತರ ಕೊಟ್ಟರೆ 10.10ಕ್ಕೆ ಹೊರಟು, ಎಲ್ಲೂ ಕಾಯದೆ, ಅದೇ 2.26ಕ್ಕೆ ಮುಗಿಸುತ್ತದೆ. ಅಂತರ ಕಡಿಮೆ ಮಾಡಿ ನೀವು ಉಳಿಸಿದ್ದು ಒಂದು ನಿಮಿಷವೂ ಇಲ್ಲ. ಆಟಗಾರ ಮನೆಯಲ್ಲಿ ಕಳೆಯಬಹುದಾಗಿದ್ದ ಸಮಯವನ್ನು ಬಿಸಿಲಲ್ಲಿ ಬ್ಯಾಗಿನ ಪಕ್ಕ ಕಳೆಯುವಂತಾಯಿತು, ಅಷ್ಟೆ. ಕರಾವಳಿಯ ಸೆಕೆಯಲ್ಲಿ ಹೀಗೆ ಕಾದು ಕಾದು ಮೈ ಜಡವಾದವನು ಮುಂದಿನ ಹೊಡೆತವನ್ನು ಕೆಡಿಸುತ್ತಾನೆ, ಕೆಟ್ಟ ಹೊಡೆತದ ಚೆಂಡು ಹುಡುಕಲು ಮತ್ತೆ ಸಮಯ ಹೋಗುತ್ತದೆ.

ನನ್ನ ಸಲಹೆ 11 ನಿಮಿಷ. ಲೆಕ್ಕಕ್ಕೆ ಸರಿಯಾಗಿ 10 ಇಟ್ಟರೆ ಒಂದೇ ಒಂದು ಚೆಂಡು ಕಳೆದರೂ ಆ ತಡ ಹಿಂದಿನ ಎಲ್ಲರಿಗೂ ದಾಟುತ್ತದೆ, ಅದನ್ನು ಹೀರಿಕೊಳ್ಳುವ ಎಡೆ ಎಲ್ಲೂ ಇರುವುದಿಲ್ಲ. 11 ನಿಮಿಷದಲ್ಲಿ ಕೊನೆಯ ಗುಂಪು 10.29ಕ್ಕೆ ಹೊರಟು 2.45ಕ್ಕೆ ಬರುತ್ತದೆ. ಅದಕ್ಕಿಂತಲೂ ಒಳ್ಳೆಯ ದಾರಿ, ಹತ್ತನೆಯ ಟೀ ಕ್ಲಬ್‌ಹೌಸಿಗೆ ಹತ್ತಿರವಿದ್ದರೆ, ಒಂದು ಮತ್ತು ಹತ್ತನೆಯ ಟೀ ಎರಡರಿಂದಲೂ ಆರಂಭಿಸುವುದು. ಎರಡೂ ಕಡೆ ಹತ್ತು ಹತ್ತು ಗುಂಪು, ಕೊನೆಯದು 8.39ಕ್ಕೆ. ಮೊದಲ ಗುಂಪು ಒಂಬತ್ತು ಮುಗಿಸಿ ಆಚೆ ಟೀಗೆ ಬರುವುದು 9.08ಕ್ಕೆ, ಆದ್ದರಿಂದ ಡಿಕ್ಕಿಯೂ ಇಲ್ಲ. 12.55ಕ್ಕೆ ಎಲ್ಲರೂ ಊಟಕ್ಕೆ ಬಂದಿರುತ್ತಾರೆ.

ಒಂಬತ್ತೇ ಹೋಲ್‌ನ ಅಂಗಳವನ್ನು ಎರಡು ಸಲ ಸುತ್ತುವುದಾದರೆ ಲೆಕ್ಕ ಬೇರೆ. ಮೊದಲ ಗುಂಪು 128 ನಿಮಿಷಕ್ಕೆ ತಿರುಗಿ ಒಂದನೆಯ ಟೀಗೆ ಬರುತ್ತದೆ. 11 ನಿಮಿಷದ ಅಂತರದಲ್ಲಿ ಅಷ್ಟರೊಳಗೆ ಬಿಡಬಹುದಾದದ್ದು 12 ಗುಂಪು, 36 ಆಟಗಾರರು. ಉಳಿದ 24 ಮಂದಿಯನ್ನು ಮಧ್ಯಾಹ್ನದ ಪಾಳಿಗೆ ಹಾಕಿ, ಅಥವಾ ಎರಡು ದಿನ ಮಾಡಿ. 37ನೆಯವನನ್ನು ತುರುಕಿದ ಕ್ಷಣದಿಂದ ಇಡೀ ಅಂಗಳ ಕಟ್ಟಿಕೊಳ್ಳುತ್ತದೆ.

ಪಾರ್-3ರ ಇಕ್ಕಟ್ಟನ್ನು ಸಡಿಲಿಸುವ ಇನ್ನೊಂದು ಹಳೆಯ ಕ್ರಮವಿದೆ. ಮುಂದಿರುವ ಗುಂಪು ಗ್ರೀನ್‌ಗೆ ಬಂದೊಡನೆ ಚೆಂಡುಗಳನ್ನು ಮಾರ್ಕ್ ಮಾಡಿ ಎತ್ತಿಕೊಂಡು, ಬದಿಗೆ ಸರಿದು, ಟೀಯಲ್ಲಿರುವವರಿಗೆ ಕೈಬೀಸಿ ಹೊಡೆಯಲು ಹೇಳುವುದು. ಇವರು ಪಟ್ ಮಾಡುತ್ತಿರುವಾಗ ಅವರು ನಡೆದು ಬರುತ್ತಾರೆ. ನಡಿಗೆಯ 2 ನಿಮಿಷ ಉಳಿದು ಹತ್ತು ನಿಮಿಷದ ಚಕ್ರ ಎಂಟಕ್ಕೆ ಇಳಿಯುತ್ತದೆ. ಟೀಯಿಂದ ಗ್ರೀನ್ ಪೂರ್ತಿ ಕಾಣುವ ಹೋಲ್‌ನಲ್ಲಿ ಮಾತ್ರ ಇದು ಸುರಕ್ಷಿತ. ಎಲ್ಲ ಗುಂಪುಗಳೂ ಮಾಡಬೇಕೆಂದು ಸ್ಪರ್ಧೆಯ ಷರತ್ತಿನಲ್ಲೇ ಬರೆಯಿರಿ. ಕೆಲವರು ಮಾಡಿ ಕೆಲವರು ಬಿಟ್ಟರೆ ಪ್ರಯೋಜನವಿಲ್ಲ.

ಮೊದಲ ಗುಂಪಿಗೆ ಯಾರನ್ನು ಹಾಕುತ್ತೀರಿ ಎಂಬುದೂ ಮುಖ್ಯ. ಅವರು 4 ಗಂಟೆ 50 ನಿಮಿಷ ತೆಗೆದುಕೊಂಡರೆ ಹಿಂದಿನ ಹತ್ತೊಂಬತ್ತು ಗುಂಪುಗಳಲ್ಲಿ ಒಂದೂ ಅದಕ್ಕಿಂತ ತುಂಬ ಬೇಗ ಮುಗಿಸಲಾರದು. ಗೌರವಕ್ಕೆಂದು ಮುಖ್ಯ ಅತಿಥಿಗಳನ್ನು ಮೊದಲು ಕಳಿಸುವ ರೂಢಿ ನಮ್ಮಲ್ಲಿದೆ. ಅವರಿಂದ ಉದ್ಘಾಟನೆಯ ಹೊಡೆತ ಹೊಡೆಸಿ, ಆಟಕ್ಕೆ ಮಾತ್ರ ಚುರುಕಾದ ಮೂವರನ್ನು ಮೊದಲು ಬಿಡಿ.

ಇನ್ನು ಸಮಯದ ಪಟ್ಟಿ. ಮೂವರ ಗುಂಪಿಗೆ, ಮುಂದಿನ ಟೀಗೆ ನಡೆಯುವುದೂ ಸೇರಿ, ಪಾರ್-3ಕ್ಕೆ 11 ನಿಮಿಷ, ಪಾರ್-4ಕ್ಕೆ 14, ಪಾರ್-5ಕ್ಕೆ 18 ಇಡಬಹುದು. ನಾಲ್ಕು ಪಾರ್-3, ಹತ್ತು ಪಾರ್-4, ನಾಲ್ಕು ಪಾರ್-5 ಇರುವ ಪಾರ್-72 ಅಂಗಳಕ್ಕೆ 44, 140, 72 ಸೇರಿ 256 ನಿಮಿಷ. ಮೇಲೆ ಹೇಳಿದ 4 ಗಂಟೆ 16 ನಿಮಿಷ ಇದೇ. ಏರು ತಗ್ಗಿನ ನೆಲವಾದರೆ ಕಡಿದಾದ ಏರಿರುವ ಹೋಲ್‌ಗೆ ಒಂದು ನಿಮಿಷ ಸೇರಿಸಿ. ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಿಡಬೇಡಿ, ಪ್ರತಿ ಗುಂಪಿನ ಸ್ಕೋರ್‌ಕಾರ್ಡ್‌ನಲ್ಲಿ ಆ ಗುಂಪಿನದೇ ಗಡಿಯಾರದ ಸಮಯ ಮುದ್ರಿಸಿ. 7.44ಕ್ಕೆ ಹೊರಡುವವರ ಕಾರ್ಡ್‌ನಲ್ಲಿ: ಆರನೆಯ ಹೋಲ್ ಮುಗಿಯಬೇಕಾದದ್ದು 9.09, ಒಂಬತ್ತನೆಯದು 9.52, ಹದಿನೆಂಟನೆಯದು 12.00. ಕಾಲಮಿತಿ ಯಕ್ಷಗಾನದಲ್ಲಿ ಯಾವ ಭಾಗ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಭಾಗವತರಿಗೆ ಮೊದಲೇ ಗೊತ್ತಿರುವುದರಿಂದಲೇ ಆಟ ಹೊತ್ತಿಗೆ ಮುಗಿಯುತ್ತದೆ. ಗಾಲ್ಫ್ ಆಟಗಾರನಿಗೂ ತಾನು ಹಿಂದೆ ಬಿದ್ದದ್ದು ಆರನೆಯ ಹೋಲ್‌ನಲ್ಲೇ ಗೊತ್ತಾಗಬೇಕು. ಹದಿನೈದರಲ್ಲಿ ಗೊತ್ತಾದರೆ ಏನೂ ಮಾಡಲಾಗದು.

ಪಟ್ಟಿಯ ತಪ್ಪು 38 ನಿಮಿಷವಾದರೆ ನಿಮ್ಮ 5 ಗಂಟೆ 40 ನಿಮಿಷದಲ್ಲಿ ಇನ್ನೂ ಮುಕ್ಕಾಲು ಗಂಟೆ ಉಳಿಯುತ್ತದೆ. ಅದು ಆಟಗಾರರದು. ಒಬ್ಬೊಬ್ಬರು 85 ಹೊಡೆತ ಹೊಡೆದರೆ ಮೂವರಿಗೆ 255. ಒಂದೊಂದಕ್ಕೆ 10 ಸೆಕೆಂಡ್ ಹೆಚ್ಚಾದರೆ 42 ನಿಮಿಷ ಹೋಯಿತು. 10 ಸೆಕೆಂಡ್ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ‘ನಾನು ನಿಧಾನ ಅಲ್ಲ’ ಎಂದು ಎಲ್ಲರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ನಿಯಮ ಏನೆನ್ನುತ್ತದೆ? 5.6ಬಿ ನಿಯಮದ ಶಿಫಾರಸಿನ ಪ್ರಕಾರ, ಅಡ್ಡಿ ಇಲ್ಲದೆ ಹೊಡೆಯಬಹುದಾದ ಸ್ಥಿತಿ ಬಂದ ಮೇಲೆ 40 ಸೆಕೆಂಡ್‌ನೊಳಗೆ ಹೊಡೆಯಬೇಕು, ಸಾಮಾನ್ಯವಾಗಿ ಅದಕ್ಕಿಂತಲೂ ಬೇಗ. ಸ್ಟ್ರೋಕ್ ಪ್ಲೇಯಲ್ಲಿ ಸುರಕ್ಷಿತವಾಗಿದ್ದರೆ ಸಿದ್ಧನಿದ್ದವನೇ ಮೊದಲು ಹೊಡೆಯಬಹುದು, ದೂರದವನಿಗಾಗಿ ಕಾಯಬೇಕಿಲ್ಲ. 2019ರ ಪರಿಷ್ಕರಣೆಯಲ್ಲಿ ಇದನ್ನು ನಿಯಮವೇ ಪ್ರೋತ್ಸಾಹಿಸಿತು. ಪ್ರತಿ ಹೋಲ್‌ಗೂ ಎದುರಾಳಿಯೊಡನೆ ಸೋಲು ಗೆಲುವು ನೋಡುವ ಮ್ಯಾಚ್ ಪ್ಲೇಯಲ್ಲಿ ಮಾತ್ರ ಎದುರಾಳಿಯ ಒಪ್ಪಿಗೆ ಬೇಕು.

ಗ್ರೀನ್‌ನ ಮೇಲೆ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಜತೆಯವನು ಪಟ್ ಮಾಡುವವರೆಗೆ ಒಬ್ಬ ಸುಮ್ಮನೆ ಪಟರ್ ಊರಿಕೊಂಡು ನಿಂತಿರುತ್ತಾನೆ. ತನ್ನ ಸರದಿ ಬಂದ ಮೇಲೆ ಅವನ ಕೆಲಸ ಶುರು: ಚೆಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಇಳಿಜಾರು ನೋಡಲು 10 ಸೆಕೆಂಡ್, ಕುಳಿಯ ಆಚೆ ಹೋಗಿ ನೋಡಲು 15, ತಿರುಗಿ ಬಂದು ಚೆಂಡಿನ ಗೆರೆಯನ್ನು ದಾರಿಗೆ ಜೋಡಿಸಲು 12, ಮೂರು ಅಭ್ಯಾಸದ ಬೀಸಿಗೆ 10, ನಿಂತು ಹೊಡೆಯಲು 8. ಒಟ್ಟು 55. ಇದರಲ್ಲಿ ಮೊದಲ ಎರಡು ಕೆಲಸವನ್ನು ಜತೆಯವನಿಗೆ ತೊಂದರೆಯಾಗದಂತೆ, ಅವನ ಪಟ್‌ಗೆ ಮುಂಚೆಯೇ ಮುಗಿಸಬಹುದಿತ್ತು. ಹಾಗೆ ಮಾಡಿದವನಿಗೆ ಸರದಿಯಲ್ಲಿ ಬೇಕಾಗುವುದು 30 ಸೆಕೆಂಡ್. ಅವನು ಒಂದು ಹೆಜ್ಜೆಯನ್ನೂ ಅವಸರದಲ್ಲಿ ಇಟ್ಟಿಲ್ಲ, ನೋಟವನ್ನೂ ಬಿಟ್ಟಿಲ್ಲ. ಕಂಬಳದ ಗಂತಿನಲ್ಲಿ (ಓಟ ಶುರುವಾಗುವ ಜಾಗದಲ್ಲಿ) ಕೋಣಗಳನ್ನು ಮೊದಲೇ ಅಣಿ ಮಾಡಿಕೊಂಡು ಬಂದವರಿಗೂ ಅಲ್ಲಿಗೆ ಬಂದ ಮೇಲೆ ಅಣಿ ಮಾಡುವವರಿಗೂ ಇರುವ ವ್ಯತ್ಯಾಸ ಇದೇ. ಓಟದ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಳಿದದ್ದು ಚಿಕ್ಕ ಚಿಕ್ಕದು. ಬ್ಯಾಗನ್ನು ಗ್ರೀನ್‌ನ ಮುಂದೆ ಬಿಡದೆ ಮುಂದಿನ ಟೀಯ ದಾರಿಯ ಬದಿಗಿಡುವುದು. ಸ್ಕೋರನ್ನು ಗ್ರೀನ್ ಮೇಲೆ ನಿಂತು ಅಲ್ಲ, ಮುಂದಿನ ಟೀಯಲ್ಲಿ ಬರೆಯುವುದು. ಮೂವರೂ ಒಬ್ಬನ ಚೆಂಡಿನ ಕಡೆ ಮೆರವಣಿಗೆ ಹೋಗದೆ ಅವರವರ ಚೆಂಡಿನ ಕಡೆ ಹೋಗುವುದು. ಧ್ವಜವನ್ನು ತೆಗೆಯದೆಯೇ ಪಟ್ ಮಾಡಬಹುದು. ದೂರ ಅಳೆಯುವ ಸಾಧನಕ್ಕೂ ಈಗಿನ ನಿಯಮದಲ್ಲಿ ಅವಕಾಶವಿದೆ, ನೀವು ಸ್ಥಳೀಯ ನಿಯಮದಿಂದ ನಿಷೇಧಿಸದಿದ್ದರೆ.

ಕಳೆದ ಚೆಂಡಿನ ವಿಷಯ ಮಾತ್ರ ಚಿಕ್ಕದಲ್ಲ. ಹುಡುಕಲು ಇರುವುದು 3 ನಿಮಿಷ, 2019ಕ್ಕೆ ಮುಂಚೆ 5 ಇತ್ತು. ಆಟಗಾರ ಅಥವಾ ಅವನ ಕ್ಯಾಡಿ (ಬ್ಯಾಗ್ ಹೊರುವವನು) ಹುಡುಕಲು ಶುರುಮಾಡಿದಾಗಿನಿಂದ ಲೆಕ್ಕ. ಚೆಂಡು ಸಿಗದಿದ್ದರೆ ಹಿಂದೆ ನಡೆದು, ಮತ್ತೆ ಹೊಡೆದು, ಮುಂದೆ ಬರುವಷ್ಟರಲ್ಲಿ ಹತ್ತು ನಿಮಿಷ ಸರಿದು ಒಂದು ಗುಂಪಿನ ಪೂರ್ತಿ ಅಂತರ ಮುಗಿದಿರುತ್ತದೆ. ಆದ್ದರಿಂದ ಅನುಮಾನ ಬಂದ ಕೂಡಲೇ ‘ಇದು ಪ್ರೊವಿಜನಲ್’ (ಮೊದಲಿನದು ಸಿಗದಿದ್ದರೆ ಬಳಸುವ ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಿ ಇನ್ನೊಂದು ಚೆಂಡು ಹೊಡೆಯಬೇಕು. ‘ಇನ್ನೊಂದು ಹೊಡೀತೇನೆ’ ಎಂದರೆ ಸಾಲದು. ಪ್ರೊವಿಜನಲ್ ಎಂಬುದು ಸ್ಪಷ್ಟವಾಗದಿದ್ದರೆ ಆ ಎರಡನೆಯ ಚೆಂಡೇ ಆಟದ ಚೆಂಡಾಗಿ ಪೆನಾಲ್ಟಿಯೂ ಸೇರುತ್ತದೆ.

ಇಲ್ಲಿ ಸಮಿತಿಯ ಕೆಲಸವೂ ಇದೆ. ಮಂಗಳೂರಿನ ಮುರಕಲ್ಲಿನ ಗುಡ್ಡದ ಇಳಿಜಾರಿನಲ್ಲಿ ಮಳೆಗಾಲ ಮುಗಿಯುವಾಗ ಹುಲ್ಲು ಪೊದೆ ಮೊಣಕಾಲೆತ್ತರ ಬೆಳೆದಿರುತ್ತದೆ. ಹೆಚ್ಚಿನ ಹವ್ಯಾಸಿಗಳ ಡ್ರೈವ್ ಬಲಕ್ಕೆ ಹೊರಳುತ್ತದೆ, ಆದ್ದರಿಂದ ಟೀಯಿಂದ 150ರಿಂದ 220 ಮೀಟರ್ ನಡುವೆ ಬಲಬದಿಯ ಉದ್ದ ಹುಲ್ಲನ್ನು, ಅಂದರೆ ರಫ್ ಅನ್ನು, ಸ್ಪರ್ಧೆಗೆ ಮುಂಚೆ ಐದಾರು ಮೀಟರ್ ಅಗಲಕ್ಕೆ ಸವರಿಸಿ. ಅದರಾಚೆಯ ಆಡಲಾಗದ ಕುರುಚಲನ್ನು ಕೆಂಪು ಗೂಟ ಹೊಡೆದು ಪೆನಾಲ್ಟಿ ಪ್ರದೇಶವೆಂದು ಗುರುತಿಸಲು ನಿಯಮ ಅನುಮತಿಸುತ್ತದೆ. ಚೆಂಡು ಅದರೊಳಗೆ ಹೋದದ್ದು ಖಚಿತವಾಗಿದ್ದರೆ ಒಂದು ಪೆನಾಲ್ಟಿ ಸ್ಟ್ರೋಕ್‌ನೊಂದಿಗೆ ಅಲ್ಲೇ ಬದಿಯಲ್ಲಿ ಡ್ರಾಪ್ ಮಾಡಿ ಮುಂದೆ ಹೋಗಬಹುದು. ಟೀಯಿಂದ ಕಾಣದ ತಿರುವಿದ್ದ ಕಡೆ ಒಬ್ಬ ಹುಡುಗನಿಗೆ ಬಾವುಟ ಕೊಟ್ಟು ನಿಲ್ಲಿಸಿ. ಅವನಿಗೆ ಕೊಡುವ ದಿನದ ಸಂಬಳ ಸ್ಪರ್ಧೆಯ ಅತ್ಯಂತ ಸಾರ್ಥಕ ಖರ್ಚು.

ಕುಳಿ ತೋಡುವ ಜಾಗವನ್ನೂ ನೋಡಿ. ಅದರ ಸುತ್ತ ಎರಡು ಮೂರು ಅಡಿ ಹೆಚ್ಚು ಕಡಿಮೆ ಸಮವಾಗಿರಬೇಕು. ಇಳಿಜಾರಿನಲ್ಲಿಟ್ಟರೆ ಎರಡು ಪಟ್ ಮೂರಾಗುತ್ತದೆ, 60 ಮಂದಿಗೆ ಅದು 60 ಹೊಡೆತ. ಸ್ಪರ್ಧೆಯ ದಿನ ಕಷ್ಟದ ಜಾಗದಲ್ಲಿ ಕುಳಿ ಇಟ್ಟು ಆಟಗಾರರನ್ನು ಪರೀಕ್ಷಿಸುವ ಆಸೆಯನ್ನು, ಕನಿಷ್ಠ ಪಾರ್-3ಗಳಲ್ಲಿ, ಬಿಟ್ಟುಬಿಡಿ.

ಆಟದ ಮಾದರಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. 20ರ ಮೇಲಿನ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕ ಹೊಡೆತಗಳ ರಿಯಾಯಿತಿ) ಇರುವವರನ್ನು ಶುದ್ಧ ಸ್ಟ್ರೋಕ್ ಪ್ಲೇಗೆ ಹಾಕಬೇಡಿ. ಒಂದು ಹೋಲ್‌ನಲ್ಲಿ 11 ಹೊಡೆದವನು ಕೊನೆಯ ಪಟ್‌ವರೆಗೂ ಆಡಲೇಬೇಕು. ಅವನಿಗೂ ಅದು ಹಿಂಸೆ. ಹೋಲ್‌ಗಿಷ್ಟೆಂದು ಅಂಕ ಕೊಡುವ ಸ್ಟೇಬಲ್‌ಫೋರ್ಡ್‌ನಲ್ಲಿ ಅಂಕ ಸಿಗದೆಂದು ಗೊತ್ತಾದೊಡನೆ ಚೆಂಡು ಎತ್ತಿಕೊಳ್ಳಬಹುದು. ಸ್ಟ್ರೋಕ್ ಪ್ಲೇಯೇ ಬೇಕೆಂದರೆ ಗರಿಷ್ಠ ಸ್ಕೋರ್ ಮಾದರಿ ಇದೆ: ಹೋಲ್‌ಗೆ ನೆಟ್ ಡಬಲ್ ಬೋಗಿ (ಪಾರ್‌ಗಿಂತ ಎರಡು ಹೆಚ್ಚು, ಜತೆಗೆ ಆ ಹೋಲ್‌ಗೆ ಸಿಗುವ ರಿಯಾಯಿತಿ) ಮಿತಿ ಇಟ್ಟರೆ ಅದರ ಮೇಲೆ ಎಣಿಕೆಯಿಲ್ಲ. ಹ್ಯಾಂಡಿಕ್ಯಾಪ್ ಲೆಕ್ಕಕ್ಕೂ ಆ ಮಿತಿಯೇ ಇರುವುದರಿಂದ ಯಾರಿಗೂ ನಷ್ಟವಿಲ್ಲ.

ಇಷ್ಟು ಮಾಡಿದ ಮೇಲೆ ಪೆನಾಲ್ಟಿಗೆ ಬರೋಣ. ನೀತಿಯನ್ನು ಸ್ಪರ್ಧೆಗೆ ಮುಂಚೆಯೇ ಬರೆದು ಎಲ್ಲರಿಗೂ ಕೊಟ್ಟಿರಬೇಕು. ಗುಂಪು ಸ್ಥಾನ ಕಳೆದುಕೊಂಡಿದೆ ಎನ್ನಲು ಎರಡು ಷರತ್ತು ಒಟ್ಟಿಗೆ ಇರಲಿ: ಕಾರ್ಡಿನ ಸಮಯ ಮೀರಿರಬೇಕು, ಮುಂದಿನ ಗುಂಪಿನಿಂದ ಆರಂಭದ ಅಂತರಕ್ಕಿಂತ ಹೆಚ್ಚು ಹಿಂದೆಯೂ ಬಿದ್ದಿರಬೇಕು. ಮೊದಲನೆಯದು ಮಾತ್ರ ಇಟ್ಟರೆ ಮುಂದಿನವರಿಗಾಗಿ ಕಾದವನು ಶಿಕ್ಷೆ ಅನುಭವಿಸುತ್ತಾನೆ. ಹಿಂದೆ ಬಿದ್ದ ಗುಂಪಿನ ಬಳಿ ರೆಫರಿ ಹೋಗಿ, ಎರಡು ಹೊಡೆತಗಳ ನಡುವೆ, ಮೂವರಿಗೂ ಕೇಳುವಂತೆ ಹೇಳಬೇಕು: ‘ಸರ್, ನಿಮ್ಮ ಗುಂಪು ಸಮಯಕ್ಕಿಂತ ಹಿಂದಿದೆ. ಈ ಹೋಲ್‌ನಿಂದ ಪ್ರತಿ ಹೊಡೆತದ ಸಮಯ ಅಳೆಯುತ್ತೇವೆ.’ ಯಾರ ಹೆಸರನ್ನೂ ಎತ್ತಬೇಡಿ. ಗುಂಪಿಗೆ ಹೇಳಿದ್ದರಿಂದ ಹಿರಿಯರಿಗೆ ಅವಮಾನವಾಗುವುದಿಲ್ಲ, ಹೆಚ್ಚಿನ ಗುಂಪುಗಳು ಇಷ್ಟಕ್ಕೇ ಎರಡು ಹೋಲ್‌ನಲ್ಲಿ ಸರಿಹೋಗುತ್ತವೆ.

ಅಳೆಯುವಾಗ 40 ಸೆಕೆಂಡ್ ಮಿತಿ, ಮೊದಲು ಹೊಡೆಯುವವನಿಗೆ 50 ಕೊಡಬಹುದು. ಗಡಿಯಾರ ಒತ್ತುವುದು ಆಟಗಾರ ಚೆಂಡಿನ ಬಳಿ ತಲುಪಿ, ಸರದಿ ಬಂದು, ಅಡ್ಡಿ ಇಲ್ಲದಾಗ. ಗ್ರೀನ್‌ನಲ್ಲಿ ಚೆಂಡು ಒರೆಸಿ, ಗುಂಡಿ ಸರಿಪಡಿಸಿ, ಕಸ ತೆಗೆಯಲು ಬೇಕಾದಷ್ಟು ಹೊತ್ತು ಲೆಕ್ಕಕ್ಕಿಲ್ಲ. ಕುಳಿಯ ಹಿಂದೆ ಹೋಗಿ ನೋಡುವ ಹೊತ್ತು ಲೆಕ್ಕಕ್ಕಿದೆ. ಮೀರಿದವನಿಗೆ ಆಗಲೇ ತಿಳಿಸಿ, ಹೋಲ್ ಸಂಖ್ಯೆ, ಯಾವ ಹೊಡೆತ, ಎಷ್ಟು ಸೆಕೆಂಡ್ ಎಂದು ಬರೆದಿಡಿ. ನೀವು ಬೇರೆ ನೀತಿ ಮಾಡದಿದ್ದರೆ 5.6ಎ ನಿಯಮದ ಪ್ರಕಾರ ಸ್ಟ್ರೋಕ್ ಪ್ಲೇಯಲ್ಲಿ ಮೊದಲ ತಪ್ಪಿಗೆ 1 ಸ್ಟ್ರೋಕ್, ಎರಡನೆಯದಕ್ಕೆ 2, ಮೂರನೆಯದಕ್ಕೆ ಅನರ್ಹತೆ. ಮೊದಲ ಮೀರುವಿಕೆಗೆ ಎಚ್ಚರಿಕೆ ಮಾತ್ರ ಎಂದು ಸಡಿಲಿಸುವ ಅಧಿಕಾರ ಸಮಿತಿಗಿದೆ, ಕ್ಲಬ್ ಸ್ಪರ್ಧೆಗೆ ಅದೇ ಸರಿ. ಅಳೆಯುವವರು ಇಬ್ಬರಿರಲಿ, ಆ ಗುಂಪಿನವರ ನೆಂಟರು, ವ್ಯವಹಾರದ ಪಾಲುದಾರರು ಬೇಡ.

ಪೆನಾಲ್ಟಿ ಹಾಕಿದ ಮೇಲೆ ಹಿಂದೆಗೆದುಕೊಳ್ಳಬೇಡಿ. 2013ರ ಮಾಸ್ಟರ್ಸ್‌ನಲ್ಲಿ ಚೀನಾದ ಗ್ವಾನ್ ಟಿಯಾನ್‌ಲಾಂಗ್‌ಗೆ 14 ವರ್ಷ. ಎರಡನೆಯ ಸುತ್ತಿನ 17ನೆಯ ಹೋಲ್‌ನಲ್ಲಿ, ಎಚ್ಚರಿಕೆಯ ನಂತರ, ಅವನಿಗೂ ಒಂದು ಸ್ಟ್ರೋಕ್ ಹಾಕಿದರು. ಆದರೂ ಕಟ್ (ಅರ್ಹತೆಯ ಮಿತಿ) ದಾಟಿ ಮುಂದಿನ ಎರಡು ಸುತ್ತು ಆಡಿದ. ಬೆಂಗಳೂರಿನ ಅದಿತಿ ಅಶೋಕ್ ಆಡುವ ಮಹಿಳಾ ವೃತ್ತಿಪರ ಸರಣಿ ಎಲ್‌ಪಿಜಿಎಯಲ್ಲಿ 2025ರಿಂದ ಲೆಕ್ಕ ಇನ್ನೂ ನೇರ: 5 ಸೆಕೆಂಡ್‌ವರೆಗೆ ಮೀರಿದರೆ ಹಣದ ದಂಡ, 6ರಿಂದ 15ರವರೆಗೆ 1 ಸ್ಟ್ರೋಕ್, 16ರಿಂದ 2 ಸ್ಟ್ರೋಕ್. ಎಷ್ಟು ಮೀರಿದೆ ಎಂಬುದರ ಮೇಲೆ ಶಿಕ್ಷೆ ನಿಂತಿರುವುದರಿಂದ ವಾದಕ್ಕೆ ಎಡೆ ಕಡಿಮೆ.

ಸ್ಕೋರ್ ಮೇಜಿನಲ್ಲಿ ಕೂರುವವರಿಗೆ ಒಂದು ಸೂಚನೆ. ಪೆನಾಲ್ಟಿ ಸ್ಟ್ರೋಕ್ ಸೇರುವುದು ತಪ್ಪು ನಡೆದ ಹೋಲ್‌ಗೇ, ಒಟ್ಟು ಮೊತ್ತಕ್ಕೆ ಅಲ್ಲ. 2023ರ ಎವಿಯಾನ್ ಚಾಂಪಿಯನ್‌ಶಿಪ್‌ನಲ್ಲಿ ಸ್ಪೇನಿನ ಕಾರ್ಲೊಟಾ ಸಿಗಾಂಡಾ ನಿಧಾನದ ಎರಡು ಸ್ಟ್ರೋಕ್ ಸೇರಿಸದ ಕಾರ್ಡ್‌ಗೆ ಸಹಿ ಹಾಕಿ ಅನರ್ಹರಾದರು. ಆದ್ದರಿಂದ ಪೆನಾಲ್ಟಿ ಹಾಕಿದ ಗುಂಪು ಹದಿನೆಂಟು ಮುಗಿಸಿ ಬರುವಷ್ಟರಲ್ಲಿ ರೆಫರಿಯ ಚೀಟಿ ಮೇಜಿಗೆ ತಲುಪಿರಲಿ. ಸಹಿಗೆ ಮುಂಚೆ ಆಟಗಾರನನ್ನು ಕೂರಿಸಿ, ಆ ಹೋಲ್‌ನ ಅಂಕಿ ತೋರಿಸಿ, ಆಕ್ಷೇಪವಿದ್ದರೆ ಸಮಿತಿಯ ತೀರ್ಮಾನ ಆಗುವವರೆಗೆ ಕಾರ್ಡ್ ಒಪ್ಪಿಸದಂತೆ ಹೇಳಿ.